ಇನ್ಸುಲಿನ್: ಮದ್ದು ಶುದ್ಧವಾಯಿತು, ಅಪಾಯ ಜಾಗ ಬದಲಿಸಿತು

1922ರ ಜನವರಿ 11ರಂದು ಟೊರಾಂಟೊದಲ್ಲಿ ಮಧುಮೇಹವಿದ್ದ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಚುಚ್ಚಿದ ಇನ್ಸುಲಿನ್ ಕಂದು ಬಣ್ಣದ ಕಲಕು ದ್ರವ. ಸಕ್ಕರೆ ಸ್ವಲ್ಪವೇ ಇಳಿಯಿತು, ಚುಚ್ಚಿದ ಜಾಗ ಬಾತುಕೊಂಡಿತು. ಜೀವರಸಾಯನ ವಿಜ್ಞಾನಿ ಜೇಮ್ಸ್ ಕಾಲಿಪ್ ಅದನ್ನು ಇನ್ನಷ್ಟು ಶುದ್ಧಿಮಾಡಿ ಕೊಟ್ಟರು. ಅದೇ ತಿಂಗಳ 23ರಂದು ಮತ್ತೆ ಚುಚ್ಚಿದಾಗ ಹುಡುಗ ಚೇತರಿಸಿಕೊಂಡ, ಇನ್ನೂ ಹದಿಮೂರು ವರ್ಷ ಬದುಕಿದ. ಅಲ್ಲಿಯವರೆಗೆ ಇಂಥ ಮಕ್ಕಳಿಗೆ ವೈದ್ಯರು ಹೇಳಬಹುದಾಗಿದ್ದ ಪಥ್ಯ ಹೆಚ್ಚುಕಡಿಮೆ ಉಪವಾಸವೇ.

ಮುಂದಿನ ಅರವತ್ತು ವರ್ಷ ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದಲೇ ಇನ್ಸುಲಿನ್ ತೆಗೆಯುತ್ತಿದ್ದರು. ದಿನಕ್ಕೆ ಹಲವು ಸಲ ಚುಚ್ಚಿಸಿಕೊಳ್ಳುವ ಕಷ್ಟ ತಪ್ಪಿಸಲು ಡೆನ್ಮಾರ್ಕಿನ ಹ್ಯಾಗೆಡಾರ್ನ್ ಅದಕ್ಕೆ ಪ್ರೋಟಮಿನ್ ಎಂಬ ಪ್ರೋಟೀನ್ ಸೇರಿಸಿದರು. ಅವರ ಪ್ರಯೋಗಾಲಯದಿಂದ 1946ರಲ್ಲಿ ಬಂದದ್ದು ಎನ್‌ಪಿಎಚ್, ಇಂದಿಗೂ ವಾರ್ಡಿನಲ್ಲಿರುವ ಹಾಲುಬಣ್ಣದ ಇನ್ಸುಲಿನ್. ಅದನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು, ಕುಲುಕಬಾರದು. ತಿಳಿಯಾದ ರೆಗ್ಯುಲರ್ ಇನ್ಸುಲಿನ್ ಜೊತೆ ಒಂದೇ ಸಿರಿಂಜಿಗೆ ಎಳೆಯುವಾಗ ತಿಳಿಯಾದದ್ದು ಮೊದಲು, ಕಲಕಿದ್ದು ಆಮೇಲೆ. ಎನ್‌ಪಿಎಚ್ ಅನ್ನು ಯಾವ ಕಾರಣಕ್ಕೂ ರಕ್ತನಾಳಕ್ಕೆ ಕೊಡುವಂತಿಲ್ಲ.

1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಿಂದ ಅದನ್ನು ತೆಗೆದು 2004ರಲ್ಲಿ ಮಾರುಕಟ್ಟೆಗೆ ತಂದಿತು. ಆ ಹೊತ್ತಿಗಾಗಲೇ ಬೇಗ ಕೆಲಸ ಮಾಡುವ ಲಿಸ್‌ಪ್ರೊ, ದಿನವಿಡೀ ನಿಲ್ಲುವ ಗ್ಲಾರ್ಜಿನ್ ಬಂದಾಗಿತ್ತು. ಗ್ಲಾರ್ಜಿನ್ ನೋಡಲು ನೀರಿನಂತೆ ತಿಳಿ, ಆದರೆ ಬೇರೆ ಯಾವ ಇನ್ಸುಲಿನ್ ಜೊತೆಗೂ ಬೆರೆಸಬಾರದು. ತಿಳಿಯಾಗಿದ್ದರೆ ರೆಗ್ಯುಲರ್ ಎಂಬ ಹಳೆಯ ಗುರುತು ಅಲ್ಲಿಗೆ ಮುಗಿಯಿತು. ಕಣ್ಣನ್ನು ನಂಬದೆ ಲೇಬಲ್ ಓದುವುದು ಅಂದಿನಿಂದ ಅನಿವಾರ್ಯ.

ಹೀಗೆ ಮದ್ದು ಶುದ್ಧವಾಗುತ್ತ ಹೋದಂತೆ ಅಪಾಯ ಬಾಟಲಿಯಿಂದ ಕೊಡುವ ಕೈಗೆ ದಾಟಿತು. ನರ್ಸಿಂಗ್ ವಿದ್ಯಾರ್ಥಿಗಳು ಎಲ್ಲಕ್ಕಿಂತ ಹೆಚ್ಚು ಗಮನವಿಡಬೇಕಾದದ್ದು ಯುನಿಟ್ ಲೆಕ್ಕದಲ್ಲಿ. ಭಾರತದ ವಯಲ್‌ಗಳಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯುನಿಟ್, ಪೆನ್ ಕಾರ್ಟ್ರಿಜ್‌ಗಳಲ್ಲಿ 100. ಸಿರಿಂಜಿನಲ್ಲೂ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು ಅರ್ಧ ಮಿಲಿಲೀಟರ್, ಅಂದರೆ 50 ಯುನಿಟ್. ಎರಡೂವರೆ ಪಟ್ಟು! ಹಲವು ದೇಶಗಳು 1970-80ರ ದಶಕಗಳಲ್ಲೇ 100ಕ್ಕೆ ಬದಲಾದವು. ಒಂದೇ ದೇಶದಲ್ಲಿ ಎರಡು ಅಳತೆ ಮುಂದುವರಿಯುವುದಕ್ಕೆ ನನಗಂತೂ ಯಾವ ಸಮರ್ಥನೆಯೂ ಕಾಣುವುದಿಲ್ಲ. ಅದು ಬದಲಾಗುವತನಕ ವಯಲ್ ಮೇಲಿನ ಅಂಕಿ ಮತ್ತು ಸಿರಿಂಜಿನ ಅಂಕಿ ಎರಡನ್ನೂ ಬಾಯಿಬಿಟ್ಟು ಓದಿ, ಇನ್ನೊಬ್ಬ ನರ್ಸ್‌ಗೆ ತೋರಿಸಿಯೇ ಚುಚ್ಚಬೇಕು. ಚಾರ್ಟಿನಲ್ಲಿ ‘ಯು’ ಎಂಬ ಒಂಟಿ ಇಂಗ್ಲಿಷ್ ಅಕ್ಷರ ಬೇಡ. ಅವಸರದ ಬರಹದಲ್ಲಿ ಅದು ಸೊನ್ನೆಯಂತೆ ಕಂಡು 4 ಯುನಿಟ್ 40 ಆಗಬಹುದು.

ಮುಖ್ಯ ಅಡ್ಡಪರಿಣಾಮ ಲೋ ಶುಗರ್. ಬೆವರು, ಕೈನಡುಕ, ಎದೆಬಡಿತ, ಮಾತಿನ ತೊದಲು. ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಲ್ಲಿ ನಡುಕ, ಎದೆಬಡಿತ ಮರೆಯಾಗಿ ಬೆವರು ಮಾತ್ರ ಉಳಿಯಬಹುದು. ರಕ್ತದ ಸಕ್ಕರೆ 70 ಮಿಗ್ರಾಂ/ಡಿಎಲ್‌ಗಿಂತ ಕಡಿಮೆಯಿದ್ದು ರೋಗಿಗೆ ಪ್ರಜ್ಞೆಯಿದ್ದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಕೂಡಲೇ ವೈದ್ಯರನ್ನು ಕರೆದು ಡೆಕ್ಸ್ಟ್ರೋಸ್ ಡ್ರಿಪ್‌ಗೆ ಸಿದ್ಧವಾಗಬೇಕು. ವಾರ್ಡಿನಲ್ಲಿ ಇದಕ್ಕೆ ಕಾರಣ ಎಷ್ಟೋ ಸಲ ತೀರಾ ಸಣ್ಣದು: ರೆಗ್ಯುಲರ್ ಊಟಕ್ಕೆ ಅರ್ಧ ಗಂಟೆ ಮೊದಲು ಕೊಟ್ಟಾಗಿದೆ, ತಿಂಡಿ ಬಂದಿಲ್ಲ, ಅಷ್ಟರಲ್ಲಿ ರೋಗಿಯನ್ನು ಸ್ಕ್ಯಾನಿಂಗಿಗೆ ಕರೆದೊಯ್ದಿದ್ದಾರೆ. ತಟ್ಟೆ ಎಲ್ಲಿದೆ ಎಂದು ವಿಚಾರಿಸುವುದೂ ಮದ್ದು ಕೊಡುವ ಕೆಲಸದ ಭಾಗ. ಒಂದೇ ಜಾಗಕ್ಕೆ ದಿನವೂ ಚುಚ್ಚಿದರೆ ಚರ್ಮದಡಿ ಕೊಬ್ಬು ಗಂಟುಕಟ್ಟಿ ಮದ್ದು ಸರಿಯಾಗಿ ಹೀರಿಕೆಯಾಗದು. ಹೊಟ್ಟೆ, ತೊಡೆ, ತೋಳು ಎಂದು ಜಾಗ ಬದಲಿಸುವಂತೆ ಮನೆಯವರಿಗೂ ಹೇಳಿಕೊಡಬೇಕು.

1985ರಲ್ಲಿ ಬಂದ ಇನ್ಸುಲಿನ್ ಪೆನ್, ಸಿರಿಂಜಿನ ಗೊಂದಲವನ್ನು ಬಹುಮಟ್ಟಿಗೆ ಕಡಿಮೆ ಮಾಡಿತು, ಜೊತೆಗೆ ಹೊಸದೊಂದು ಅಪಾಯವನ್ನೂ ತಂದಿತು. ಸೂಜಿ ಬದಲಿಸಿದರೂ ರಕ್ತದ ಅಂಶ ಕಾರ್ಟ್ರಿಜ್‌ನೊಳಗೆ ಹಿಮ್ಮುಖವಾಗಿ ಸೇರಬಹುದಾದ್ದರಿಂದ ಒಬ್ಬರ ಪೆನ್ನನ್ನು ಇನ್ನೊಬ್ಬರಿಗೆ ಬಳಸಕೂಡದು.