ಮಾತಿಲ್ಲದ ಒಡನಾಡಿ

ಕೋಥರೂಡದಲ್ಲಿ ನೆಲೆಸಿದ ನಮಗೆ ಜೇಜುರಿ ದೂರವಲ್ಲ. ಅಲ್ಲಿಯ ಖಂಡೋಬನಿಗೂ ನಮ್ಮ ನಾಡಿನ ಮೈಲಾರಲಿಂಗನಿಗೂ ನಾಯಿಯೇ ಒಡನಾಡಿ. ಆದರೆ ಮಕ್ಕಳ ಚಿಕಿತ್ಸೆಗೆ ನಾಯಿಯನ್ನು ಜೊತೆಗೂಡಿಸಿಕೊಂಡ ಇತಿಹಾಸ ತೀರ ಈಚಿನದು.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದಾಗ ಆಟಿಸಂ ವೈದ್ಯಲೋಕದ ಗಮನಕ್ಕೆ ಬಂದಿತು. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತೆಂಬ ನಿಂದೆಯೂ ಬೆನ್ನಿಗೇ ಹಬ್ಬಿತು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಅದನ್ನು ಖಂಡಿಸಿದರು. ಅದೇ ಕಾಲದಲ್ಲಿ ನ್ಯೂಯಾರ್ಕಿನ ಮನೋವಿಜ್ಞಾನಿ ಬೋರಿಸ್ ಲೆವಿನ್‌ಸನ್, ಯಾರೊಡನೆಯೂ ಬೆರೆಯದ ಹುಡುಗನೊಬ್ಬ ತಮ್ಮ ನಾಯಿ ಜಿಂಗಲ್ಸ್‌ನೊಡನೆ ಸಲೀಸಾಗಿ ಬೆರೆತುದನ್ನು ಕಂಡಿದ್ದರು. 1962ರ ಲೇಖನದಲ್ಲಿ ಅವರು ನಾಯಿಯನ್ನು ಸಹಚಿಕಿತ್ಸಕನೆಂದೇ ಕರೆದರು. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂಥ 10 ಮಕ್ಕಳು ಚೆಂಡು, ಬೊಂಬೆನಾಯಿಗಳಿಗಿಂತ ನಿಜವಾದ ನಾಯಿಯಿದ್ದಾಗ ಹೆಚ್ಚು ಲವಲವಿಕೆಯಿಂದಲೂ ಗಮನದಿಂದಲೂ ಇದ್ದರು.

ನಾಯಿ ಮದ್ದಲ್ಲ, ಮಾತಿನ ತರಬೇತಿಗೆ ಬದಲಿಯೂ ಅಲ್ಲ. ಹೆದರುವ ಮಗುವಿಗೆ ಒತ್ತಾಯ ಸಲ್ಲದು. ಆದರೂ ಅದು ಪ್ರಶ್ನೆ ಕೇಳುವುದಿಲ್ಲ, ಅವಸರಪಡಿಸುವುದಿಲ್ಲ. ನಾವು ಕಲಿಯಬೇಕಾದುದು ಅದನ್ನೇ. ಹೊರನಾಡಿನ ನಮ್ಮ ಮನೆಗಳಲ್ಲಿ ಮಗು ಮಾತಾಡದಿದ್ದರೆ, “ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಅದಕ್ಕೇ ಹೀಗೆ” ಎಂದು ತಾಯಿಯತ್ತ ಬೆರಳು ತೋರುವವರುಂಟು. ಎರಡು ಭಾಷೆಗಳಿಂದ ಆಟಿಸಂ ಬರುವುದಿಲ್ಲವೆಂಬುದು ಇಂದು ಸ್ಪಷ್ಟವಾಗಿದೆ. ಆ ಹಳೆಯ ನಿಂದೆ ಹೊಸ ವೇಷ ತೊಟ್ಟು ಬಂದರೆ ಬಾಗಿಲು ತೆರೆಯದಿರೋಣ. ಮಗುವಿನೊಡನೆ ಕನ್ನಡದಲ್ಲಿಯೇ ಮಾತಾಡೋಣ. ಉತ್ತರ ತಡವಾದರೆ ಕಾಯೋಣ.