ನಡೆಯಬಿಟ್ಟ ಬಂದೂಕುಗಳು: ಅರಿಝೋನದ ಒಂದು ಕಾರ್ಯಾಚರಣೆಯ ಇತಿಹಾಸ

ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಪೌಲನು ಒಂದು ತರ್ಕವನ್ನು ಪ್ರಸ್ತಾಪಿಸಿ ಕೂಡಲೇ ತಳ್ಳಿಹಾಕುತ್ತಾನೆ: ಒಳಿತು ಉಂಟಾಗುವುದಾದರೆ ಕೆಡುಕನ್ನು ಮಾಡಬಹುದೆಂಬ ತರ್ಕ. ಕ್ರೈಸ್ತ ನೀತಿಶಾಸ್ತ್ರದ ತರಗತಿಯಲ್ಲಿ ಇದನ್ನು ಬೋಧಿಸುವುದು ನಮಗೆ ಸುಲಭ. ಆದರೆ ಇತಿಹಾಸದಲ್ಲಿ ಈ ತರ್ಕವು ‘ಮಾಡುವುದು’ ಎಂಬ ಕ್ರಿಯಾಪದವನ್ನು ಬಳಸುವುದೇ ಅಪರೂಪ. ಅದಕ್ಕೆ ಪ್ರಿಯವಾದ ಪದ ‘ಬಿಡುವುದು’. ಅಮೆರಿಕದ ‘ಫಾಸ್ಟ್ ಅಂಡ್ ಫ್ಯೂರಿಯಸ್’ ಕಾರ್ಯಾಚರಣೆ ಇದಕ್ಕೊಂದು ನಿದರ್ಶನ.

ಮದ್ಯ, ತಂಬಾಕು, ಬಂದೂಕು ಮತ್ತು ಸ್ಫೋಟಕಗಳ ನಿಯಂತ್ರಣಕ್ಕಾಗಿ ಇರುವ ಎಟಿಎಫ್ ಸಂಸ್ಥೆಯ ಫೀನಿಕ್ಸ್ ವಿಭಾಗವು 2009ರಲ್ಲಿ ಇದನ್ನು ಆರಂಭಿಸಿತು. ಅರಿಝೋನದ ಅಂಗಡಿಗಳಲ್ಲಿ ಬೇನಾಮಿ ಖರೀದಿದಾರರು ಕೊಂಡ ಬಂದೂಕುಗಳು ಮೆಕ್ಸಿಕೊದ ಮಾದಕವಸ್ತು ಕೂಟಗಳನ್ನು ಸೇರುತ್ತಿದ್ದವು. ಇಂಥ ಸಣ್ಣವರನ್ನು ಹಿಡಿದು ಪ್ರಯೋಜನವಿಲ್ಲ, ಅವರನ್ನು ಬಿಟ್ಟರೆ ಮೇಲಿನವರು ಸಿಕ್ಕಾರು ಎಂಬುದು ಅಧಿಕಾರಿಗಳ ಎಣಿಕೆ. ಸುಮಾರು 2,000 ಬಂದೂಕುಗಳು ಹೀಗೆ ಮಾರಾಟವಾದವು. ಬಹುಪಾಲನ್ನು ಯಾರೂ ಹಿಂಬಾಲಿಸಲಿಲ್ಲ. ಮೆಕ್ಸಿಕೊ ಸರಕಾರಕ್ಕೂ ತಿಳಿಸಲಿಲ್ಲ. ಹಾಗಿದ್ದರೆ ಬಂದೂಕು ಎಲ್ಲಿಗೆ ಹೋಯಿತೆಂದು ತಿಳಿಯುವ ಬಗೆ ಯಾವುದು? ಅದು ಯಾವುದಾದರೊಂದು ಅಪರಾಧದ ಸ್ಥಳದಲ್ಲಿ ಸಿಕ್ಕಿ, ಅದರ ಕ್ರಮಸಂಖ್ಯೆಯನ್ನು ಓದಿದಾಗ. ಈ ವಿಧಾನಕ್ಕೆ ಬೇಕಾದ ಸಾಕ್ಷ್ಯವನ್ನು ಒದಗಿಸಬೇಕಾದದ್ದು ಅಪರಾಧವೇ! ಇದನ್ನು ಕೇವಲ ಅಜಾಗರೂಕತೆ ಎನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ.

2010ರ ಅಕ್ಟೋಬರಿನಲ್ಲಿ ಚಿಹ್ವಾಹ್ವಾ ರಾಜ್ಯದ ಮಾಜಿ ಅಟಾರ್ನಿ ಜನರಲ್ ಒಬ್ಬರ ಸಹೋದರನನ್ನು ಅಪಹರಿಸಿ ಕೊಲ್ಲಲಾಯಿತು. ಅಪಹರಣಕಾರರಿಂದ ವಶಪಡಿಸಿಕೊಂಡ ಆಯುಧಗಳಲ್ಲಿ ಎರಡು ಈ ಕಾರ್ಯಾಚರಣೆಯವು. ಅಮೆರಿಕದಲ್ಲಿ ಗದ್ದಲವೇಳಲಿಲ್ಲ. ಡಿಸೆಂಬರ್ 14ರ ರಾತ್ರಿ ಅರಿಝೋನದ ಗಡಿಯ ಬಳಿ ಗಸ್ತುಪಡೆಯ ಬ್ರಯನ್ ಟೆರಿ ಗುಂಡೇಟಿಗೆ ಬಲಿಯಾದರು. ಅಲ್ಲಿಯೂ ಅಂಥದೇ ಎರಡು ರೈಫಲುಗಳು ದೊರೆತವು. ಆಗ ಎಟಿಎಫ್‌ನ ಜಾನ್ ಡಾಡ್ಸನ್ ಸೆನೆಟರ್ ಚಾರ್ಲ್ಸ್ ಗ್ರಾಸ್ಲಿಯವರ ಕಚೇರಿಗೆ ನಿಜವನ್ನು ತಿಳಿಸಿದರು. 2011ರ ಫೆಬ್ರವರಿ 4ರಂದು ನ್ಯಾಯ ಇಲಾಖೆಯು ಸೆನೆಟರರಿಗೆ ಬರೆದ ಪತ್ರ ಎಲ್ಲವನ್ನೂ ಅಲ್ಲಗಳೆಯಿತು. ಪತ್ರ ತಪ್ಪೆಂದು ಹಿಂತೆಗೆದುಕೊಳ್ಳಲು ಹತ್ತು ತಿಂಗಳು ಹಿಡಿಯಿತು.

ಮುಂದಿನದು ರಾಜಕೀಯ. ಸಂಸದ ಡ್ಯಾರೆಲ್ ಐಸಾ ನೇತೃತ್ವದ ಸಮಿತಿ ಕಡತಗಳನ್ನು ಕೇಳಿತು. ಅಧ್ಯಕ್ಷ ಒಬಾಮಾ ತಮ್ಮ ವಿಶೇಷಾಧಿಕಾರವನ್ನು ಮುಂದಿಟ್ಟರು. 2012ರ ಜೂನ್ 28ರಂದು ಪ್ರತಿನಿಧಿ ಸಭೆಯು 255-67 ಮತಗಳಿಂದ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಅವರನ್ನು ಸದನದ ನಿಂದನೆಗೆ ಗುರಿಪಡಿಸಿತು. ಅಧಿಕಾರದಲ್ಲಿದ್ದ ಸಚಿವರೊಬ್ಬರಿಗೆ ಹೀಗಾದದ್ದು ಅದೇ ಮೊದಲು. ಒಂದು ಪಕ್ಷದವರಿಗೆ ಇದು ಮರೆಮಾಚಿಕೆ, ಇನ್ನೊಂದು ಪಕ್ಷದವರಿಗೆ ಬೇಟೆ. ಇದೇ ತಂತ್ರವನ್ನು ಬುಷ್ ಆಡಳಿತದಲ್ಲಿ ಟೂಸಾನ್ ನಗರದಲ್ಲಿಯೂ ಪ್ರಯೋಗಿಸಲಾಗಿತ್ತೆಂಬುದು ಇಬ್ಬರ ವಾದಕ್ಕೂ ತಕ್ಕಂತೆ ಬಳಕೆಯಾಯಿತು. ಯಾರಿಗೆ ಯಾವಾಗ ತಿಳಿದಿತ್ತು ಎಂಬ ಪ್ರಶ್ನೆ ಅಗತ್ಯವಾದದ್ದೇ. ಆದರೆ ಅದು ಆದಿಕಾಂಡದಲ್ಲಿ ಕಾಯಿನನಿಗೆ ದೇವರು ಕೇಳಿದ ಪ್ರಶ್ನೆಯಲ್ಲ. ಅಲ್ಲಿ ಕೇಳಿದ್ದು ತಮ್ಮನನ್ನು ಕುರಿತು.

ಆ ಪ್ರಶ್ನೆಯನ್ನು ಹೊತ್ತು ಬಂದವರು ಬೇರೆ. ಮೆಕ್ಸಿಕೊದ ಕಥೋಲಿಕ ಕವಿ ಹಾವಿಯೆರ್ ಸಿಸಿಲಿಯಾ 2011ರಲ್ಲಿ ಮಗನನ್ನು ಹಂತಕರಿಗೆ ಕಳೆದುಕೊಂಡವರು. 2012ರ ಬೇಸಿಗೆಯಲ್ಲಿ ಅವರು, ತಮ್ಮಂತೆಯೇ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರೊಡನೆ, ಸ್ಯಾನ್ ಡಿಯಾಗೋದಿಂದ ವಾಷಿಂಗ್ಟನ್‌ವರೆಗೆ ಶಾಂತಿಯಾತ್ರೆ ಕೈಗೊಂಡರು. ಗಡಿ ದಾಟಿ ಬರುವ ಬಂದೂಕುಗಳನ್ನು ತಡೆಯಬೇಕೆಂಬುದು ಅವರ ಬೇಡಿಕೆಗಳಲ್ಲೊಂದು. ಯಾತ್ರೆ ಸೆಪ್ಟೆಂಬರ್ 12ರಂದು ರಾಜಧಾನಿಯಲ್ಲಿ ಮುಗಿಯಿತು.

ಒಂದು ವಾರದ ಬಳಿಕ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಮೈಕೆಲ್ ಹೊರೊವಿಟ್ಸ್ ಅವರ 471 ಪುಟಗಳ ವರದಿ ಪ್ರಕಟವಾಯಿತು. 14 ಅಧಿಕಾರಿಗಳ ಮೇಲೆ ಅದು ದೋಷ ಹೊರಿಸಿತು. ಹೋಲ್ಡರ್ ಅವರಿಗೆ ಮುಂಚಿತವಾಗಿ ತಿಳಿದಿತ್ತೆಂಬುದಕ್ಕೆ ಆಧಾರವಿಲ್ಲವೆಂದಿತು. ಗಡಿಯ ಆಚೆ ಹೋದ ಬಂದೂಕುಗಳಲ್ಲಿ ನೂರಾರು ಆಗಲೂ ಯಾರ ಕೈಯಲ್ಲಿವೆಯೆಂದು ಗೊತ್ತಿರಲಿಲ್ಲ.