ಹುತ್ತದ ಅಣಬೆ

ಗೆದ್ದಲಿನ ಗೂಡಿನೊಳಗೆ ಬೆಳೆದು ಮಳೆಗಾಲದಲ್ಲಿ ನೆಲ ಸೀಳಿಕೊಂಡು ಮೇಲೇಳುವ, ಟರ್ಮಿಟೊಮೈಸಿಸ್ ಕುಲದ ಅಣಬೆ. ಕುಲಕ್ಕೆ ಹೆಸರಿಟ್ಟವರು ಫ್ರಾನ್ಸಿನ ರೋಜರ್ ಹೈಮ್ (1942). ಕೆ. ನಟರಾಜನ್ 1979ರಲ್ಲಿ ಭಾರತದಿಂದ ವರ್ಣಿಸಿದ ಟರ್ಮಿಟೊಮೈಸಿಸ್ ಹೈಮಿಯೈ ಎಂಬ ಪ್ರಭೇದಕ್ಕೆ ಹೈಮ್ ಅವರ ಹೆಸರಿದೆ.

ಗೆದ್ದಲು ತಾನು ತಿಂದ ಕಟ್ಟಿಗೆ, ತರಗೆಲೆಗಳ ಹಿಕ್ಕೆಯಿಂದ ನೆಲದಡಿ ಸ್ಪಂಜಿನಂಥ ಹುಟ್ಟು ಕಟ್ಟುತ್ತದೆ. ಅದರ ಮೇಲೆ ಬೆಳೆಯುವ ಶಿಲೀಂಧ್ರ ಕಟ್ಟಿಗೆಯ ಗಡಸು ಅಂಶವನ್ನು ಕರಗಿಸಿ ಗೆದ್ದಲಿಗೆ ಆಹಾರವಾಗಿಸುತ್ತದೆ. ಗೆದ್ದಲಿಲ್ಲದೆ ಇದು ಕೊಡೆ ಬಿಡದು. ಆದ್ದರಿಂದಲೇ ಇದನ್ನು ಬೇಸಾಯಕ್ಕೆ ಒಗ್ಗಿಸಲು ಆಗಿಲ್ಲ.

ಕಲಬುರಗಿ ಜಿಲ್ಲೆಯಲ್ಲಿ ಇದನ್ನು ಹುಡುಕುವುದಾದರೆ, ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುಣ್ಣಕಲ್ಲಿನ ಸೀಮೆ. ತೊಗರಿ ಹೊಲ, ಕಲ್ಲುಗಣಿ, ಸಿಮೆಂಟ್ ಕಾರ್ಖಾನೆಗಳ ನಡುವೆ ಅಣಬೆ ಹುಡುಕುವವರಿಗೆ ಸಿಗುವುದು ಹೊಲದ ಬದು, ಹುಲ್ಲುಗಾವಲು ಅಷ್ಟೇ. ದಟ್ಟ ಕಾಡು ಬೇಕೆಂದರೆ ಚಿಂಚೋಳಿಗೇ ಹೋಗಬೇಕು. ಅಲ್ಲಿಯ ಒಣ ಎಲೆಯುದುರು ಕಾಡು 2011ರಿಂದ ವನ್ಯಜೀವಿಧಾಮ. 1972ರ ವನ್ಯಜೀವಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಅಲ್ಲಿಂದ ಅರಣ್ಯ ಉತ್ಪನ್ನ ಒಯ್ಯುವಂತಿಲ್ಲ.

ಗುರುತು ಹಿಡಿಯುವವರು ಮೊದಲು ನೋಡಬೇಕಾದದ್ದು ಬುಡವನ್ನು. ಹೈಮಿಯೈನ ದಂಟು ನೆಲಮಟ್ಟದಲ್ಲಿ ಮುಗಿಯುವುದಿಲ್ಲ. ಬೇರಿನಂತೆ ಸಪೂರವಾಗುತ್ತ ಗೂಡಿನ ಹುಟ್ಟಿನವರೆಗೂ ಇಳಿಯುತ್ತದೆ. ಕೈಯಿಂದ ಕಿತ್ತರೆ ಈ ಬೇರು ತುಂಡಾಗಿ ಮಣ್ಣಲ್ಲೇ ಉಳಿಯುತ್ತದೆ, ಗುರುತೂ ಅಲ್ಲೇ ಹೋಗುತ್ತದೆ. ಕುರ್ಚಿಗೆಯಿಂದ ಸುತ್ತ ಬಿಡಿಸಿ ತೆಗೆಯಬೇಕು. ಕೊಡೆ ಬಿಳಿ, ನಡುವೆ ಬೂದುಗಂದು ಮೊನೆ. ಕೊಡೆ ಕತ್ತರಿಸಿ, ಅದರಡಿಯ ತೆಳು ಪದರಗಳಾದ ಕಿವಿರು ಕೆಳಗಾಗಿ ಬಿಳಿ ಕಾಗದದ ಮೇಲೆ ಬೋರಲಿಟ್ಟು ಬಟ್ಟಲು ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ತೆಳುಗುಲಾಬಿ ಬೀಜಕದ ಪುಡಿ ಉದುರಿರುತ್ತದೆ. ಗುಲಾಬಿ ಬಂತೆಂದು ತಿನ್ನಲು ಕೂರುವಂತಿಲ್ಲ. ವಿಷದ ಪ್ರಭೇದಗಳಿರುವ ಎಂಟೊಲೋಮ ಕುಲದ ಪುಡಿಯೂ ಗುಲಾಬಿಯೇ.

ಮಳೆ ಬಿದ್ದ ಹುಲ್ಲುನೆಲದಲ್ಲಿ ಹೆಚ್ಚು ಮೋಸ ಮಾಡುವುದು ಕ್ಲೋರೊಫಿಲಮ್ ಮಾಲಿಬ್ಡೈಟಿಸ್. ದೊಡ್ಡ ಬಿಳಿ ಕೊಡೆ, ಅದರ ಮೇಲೆ ಕಂದು ಹೊಪ್ಪಳೆ, ದಂಟಿನ ಮೇಲೆ ಸರಿದಾಡುವ ಉಂಗುರ. ಎಳೆಯದರ ಕಿವಿರು ಬಿಳಿಯಾಗಿರುವುದೇ ಜನ ಎಡವುವುದಕ್ಕೆ ಕಾರಣ; ಬಲಿತ ಮೇಲೆ ಹಸಿರಿಗೆ ತಿರುಗುತ್ತದೆ, ಪುಡಿಯೂ ಹಸಿರು. ಇದಕ್ಕೆ ಬೇರಿನಂಥ ಬಾಲವಿಲ್ಲ. ತಿಂದ ಒಂದರಿಂದ ಮೂರು ತಾಸಿನೊಳಗೆ ವಾಂತಿ, ಭೇದಿ ಶುರುವಾಗುತ್ತವೆ. ಬುಡದಲ್ಲಿ ಚೀಲವಿರುವ ಬಿಳಿ ಅಣಬೆಯನ್ನಂತೂ ಮುಟ್ಟದಿರುವುದೇ ಲೇಸು. ಅಮಾನಿಟ ಕುಲದ ಮಾರಕ ಪ್ರಭೇದಗಳಿಗೆ ಅದು ಲಕ್ಷಣ.

ಬೆಳ್ಳಿ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು, ಕುದಿಸಿದರೆ ವಿಷ ಹೋಗುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ. ಆ ಮಾರಕ ಅಮಾನಿಟಗಳಲ್ಲಿರುವ, ಯಕೃತ್ತನ್ನು ಕೆಡಿಸುವ ಅಮಾಟಾಕ್ಸಿನ್ ಕುದಿಗೆ ಜಗ್ಗುವುದಿಲ್ಲ, ಬೆಳ್ಳಿಯನ್ನು ಕಪ್ಪಾಗಿಸುವುದೂ ಇಲ್ಲ. ನಿಜವಾದ ಹುತ್ತದ ಅಣಬೆಯೇ ಆದರೂ ರಸ್ತೆ, ಕಾರ್ಖಾನೆ, ಗಣಿಯ ಅಂಚಿನದನ್ನು ಬಿಡುವುದು ಮೇಲು. ಅಣಬೆಗಳು ಮಣ್ಣಿನ ಸೀಸ, ಕ್ಯಾಡ್ಮಿಯಂಗಳನ್ನು ಹೀರಿಕೊಳ್ಳುತ್ತವೆ.

ಉಂಡು ಆರು ತಾಸು ಕಳೆದ ಮೇಲೆ ಬರುವ ವಾಂತಿ ಹೆಚ್ಚು ಅಪಾಯದ್ದು. ಅಮಾಟಾಕ್ಸಿನ್ ನಂಜಿನಲ್ಲಿ ಮರುದಿನ ರೋಗಿ ಚೇತರಿಸಿದಂತೆ ಕಂಡರೂ ಒಳಗೆ ಯಕೃತ್ತು ಸೋಲುತ್ತಿರಬಹುದು. ಒಬ್ಬರಿಗೆ ತೊಂದರೆಯಾದರೂ ಜೊತೆಗೆ ಉಂಡವರೆಲ್ಲ ಆಸ್ಪತ್ರೆಗೆ ಹೋಗಬೇಕು. ಉಳಿದ ಅಣಬೆಯನ್ನು, ಹಸಿಯದಾದರೂ ಬೇಯಿಸಿದ್ದಾದರೂ, ವೈದ್ಯರಿಗೆ ತೋರಿಸಲು ಒಯ್ಯಬೇಕು.